ಹಳೆಯ ಜಿಪ್ಸಿಗೆ ಹೊಸ ಶಾಕ್ ಅಬ್ಸಾರ್ಬರ್: ಪರೀಕ್ಷೆ, ಅಳತೆ, ಜೋಡಣೆ

ಮಾರುತಿ ಜಿಪ್ಸಿಯ ತಯಾರಿಕೆ ನಿಂತು ವರ್ಷಗಳೇ ಕಳೆದಿದ್ದರೂ ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಾಫಿ ತೋಟಗಳಲ್ಲಿ ಅದು ಇಂದಿಗೂ ದುಡಿಯುವ ಗಾಡಿಯಾಗಿಯೇ ಉಳಿದಿದೆ. 1985ರ ಕೊನೆಯಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದ ಮೊದಲ ಮಾದರಿಯಾಗಲಿ, 1996ರಲ್ಲಿ ಬಂದ 1298 ಸಿಸಿಯ ಜಿಪ್ಸಿ ಕಿಂಗ್ ಆಗಲಿ, ಅಡಿಭಾಗದ ರಚನೆ ಮೂಲತಃ ಒಂದೇ: ಲ್ಯಾಡರ್ ಚಾಸಿಸ್ (ಏಣಿಯಾಕಾರದ ಚೌಕಟ್ಟು), ಹಿಂದೆ ಮುಂದೆ ಎರಡೂ ಕಡೆ ಇಡಿಯಾದ ಗಟ್ಟಿ ಆಕ್ಸಲ್, ನಾಲ್ಕೂ ಮೂಲೆಗಳಲ್ಲಿ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್, ಪ್ರತಿ ಚಕ್ರದ ಬಳಿ ಪ್ರತ್ಯೇಕವಾಗಿ ನಿಂತ ಒಂದೊಂದು ಶಾಕ್ ಅಬ್ಸಾರ್ಬರ್. ಇಂದಿನ ಕಾರುಗಳ ಮುಂಭಾಗದಲ್ಲಿರುವಂತೆ ಕಾಯಿಲ್ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಜೋಡಣೆಯಲ್ಲಿ ಸೇರಿಕೊಂಡಿಲ್ಲವಾದ್ದರಿಂದ ಸ್ಪ್ರಿಂಗನ್ನು ಅದುಮಿ ಹಿಡಿಯುವ ಅಪಾಯದ ಕೆಲಸ ಇಲ್ಲಿಲ್ಲ. ಆದುದರಿಂದ ಪಾನಾ ಹಿಡಿದು ಅಭ್ಯಾಸವಿರುವ ಯಾರಾದರೂ ತಾಳ್ಮೆಯಿಂದ ಮನೆಯ ಅಂಗಳದಲ್ಲೇ ಮಾಡಬಹುದಾದ ಕೆಲಸವಿದು. ಮಹೀಂದ್ರಾದ ಹಳೆಯ ಲೀಫ್ ಸ್ಪ್ರಿಂಗ್ ಜೀಪುಗಳಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ.

ಕೆಲಸಕ್ಕೆ ಇಳಿಯುವ ಮೊದಲು ಶಾಕ್ ಅಬ್ಸಾರ್ಬರಿನ ಕೆಲಸವೇನು, ಏನಲ್ಲ ಎಂಬುದು ಸ್ಪಷ್ಟವಾಗಿರಬೇಕು. ಗಾಡಿಯ ಭಾರವನ್ನು ಹೊರುವುದು ಸ್ಪ್ರಿಂಗ್. ಹಳ್ಳಕ್ಕೆ ಬಿದ್ದ ಚಕ್ರದ ಶಕ್ತಿಯನ್ನು ಮೊದಲು ನುಂಗುವುದೂ ಸ್ಪ್ರಿಂಗ್. ಆದರೆ ನುಂಗಿದ್ದನ್ನು ಅದು ಹಾಗೆಯೇ ಹಿಂದಿರುಗಿಸುತ್ತದೆ; ಒಮ್ಮೆ ತೂಗಿ ಬಿಟ್ಟ ತೊಟ್ಟಿಲಿನಂತೆ ಗಾಡಿ ಮೇಲೆ ಕೆಳಗೆ ಓಲಾಡುತ್ತಲೇ ಇರುತ್ತದೆ. ಶಾಕ್ ಒಳಗೆ ಪಿಸ್ಟನ್ ಚಲಿಸಿದಾಗ ಎಣ್ಣೆ ಸಣ್ಣ ರಂಧ್ರಗಳ ಮತ್ತು ವಾಲ್ವುಗಳ ಮೂಲಕ ಒತ್ತಡದಿಂದ ನುಗ್ಗುತ್ತದೆ, ಆ ಘರ್ಷಣೆಯಲ್ಲಿ ಚಲನೆಯ ಶಕ್ತಿ ಶಾಖವಾಗಿ ಹೊರಹೋಗುತ್ತದೆ. ಅಷ್ಟೇ ಅದರ ಕೆಲಸ. ಹೊಸ ಶಾಕ್ ಹಾಕಿದರೆ ಕುಸಿದ ಗಾಡಿ ಮೇಲೇಳುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲೂ ಇದೆ, ಅದು ಸರಿಯಲ್ಲ. ಗಾಡಿ ಒಂದು ಬದಿಗೆ ವಾಲಿದ್ದರೆ, ಹಿಂಭಾಗ ಕುಸಿದಿದ್ದರೆ ನೋಡಬೇಕಾದದ್ದು ಬ್ಲೇಡ್ ಸೆಟ್ಟನ್ನು, ಅಂದರೆ ಲೀಫ್ ಸ್ಪ್ರಿಂಗಿನ ಪಟ್ಟಿಗಳನ್ನು. ಶಾಕಿಗೆ ಖರ್ಚು ಮಾಡಿದ ಹಣ ಅಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

ಸವೆದಿದೆಯೇ ಎಂದು ತಿಳಿಯುವುದು

ಬಾನೆಟ್ಟಿನ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟು, ಗಾಡಿ ಎಷ್ಟು ಸಲ ಕುಣಿಯುತ್ತದೆ ಎಂದು ಎಣಿಸುವ ಪರೀಕ್ಷೆ ಎಲ್ಲರಿಗೂ ಗೊತ್ತು. ಮೃದುವಾದ ಕಾಯಿಲ್ ಸ್ಪ್ರಿಂಗ್ ಇರುವ ಕಾರಿಗೆ ಅದು ಒಂದಷ್ಟು ಹೊಂದುತ್ತದೆ, ಜಿಪ್ಸಿಗೆ ಹೊಂದುವುದಿಲ್ಲ. ಲೀಫ್ ಸ್ಪ್ರಿಂಗಿನ ಪಟ್ಟಿಗಳು ಒಂದರ ಮೇಲೊಂದು ಉಜ್ಜಿಕೊಳ್ಳುವಾಗ ಅಲ್ಲಿಯೇ ಸಾಕಷ್ಟು ತಡೆ ಹುಟ್ಟುತ್ತದೆ, ಅದರಲ್ಲೂ ಪಟ್ಟಿಗಳ ನಡುವೆ ತುಕ್ಕು ಹಿಡಿದಿದ್ದರೆ ಶಾಕ್ ಸಂಪೂರ್ಣ ಸತ್ತಿದ್ದರೂ ಗಾಡಿ ಕೈ ಒತ್ತಡಕ್ಕೆ ಅಲುಗುವುದೇ ಇಲ್ಲ. ಹೀಗಾಗಿ ಈ ಪರೀಕ್ಷೆಯಲ್ಲಿ ಪಾಸಾದ ಗಾಡಿಯ ಶಾಕ್ ಚೆನ್ನಾಗಿದೆ ಎಂದು ತೀರ್ಮಾನಿಸಬಾರದು.

ಇದಕ್ಕಿಂತ ನಂಬಬಹುದಾದ ವಿಧಾನವೆಂದರೆ ಶಾಖದ ಪರೀಕ್ಷೆ. ತೋಟದ ಕಲ್ಲು ದಾರಿಯಲ್ಲೋ ಅಡ್ಡಡ್ಡ ಸಣ್ಣ ಉಬ್ಬುಗಳ ಸಾಲೆದ್ದು ಹಲಗೆ ಹಲಗೆಯಾದ ಮಣ್ಣಿನ ರಸ್ತೆಯಲ್ಲೋ ಕೆಲವು ಕಿಲೋಮೀಟರ್ ಓಡಿಸಿ ಗಾಡಿ ನಿಲ್ಲಿಸಿ, ನಾಲ್ಕೂ ಶಾಕುಗಳ ಹೊರಕವಚಕ್ಕೆ ಬೆರಳ ಹಿಂಬದಿಯನ್ನು ಎಚ್ಚರಿಕೆಯಿಂದ ತಾಗಿಸಿ ನೋಡಬೇಕು. ಸೈಲೆನ್ಸರ್ ಪೈಪಿನ ಹತ್ತಿರ ಕೈ ಸುಡದಂತೆ ಗಮನವಿರಲಿ. ಕೆಲಸ ಮಾಡಿದ ಶಾಕ್ ಬೆಚ್ಚಗಾಗಿರುತ್ತದೆ. ಮೂರು ಬಿಸಿಯಾಗಿ ಒಂದು ಮಾತ್ರ ತಣ್ಣಗಿದ್ದರೆ ಆ ತಣ್ಣಗಿರುವುದೇ ಸತ್ತಿರುವುದು, ಏಕೆಂದರೆ ಅದು ಯಾವ ಶಕ್ತಿಯನ್ನೂ ಶಾಖವಾಗಿ ಪರಿವರ್ತಿಸಿಲ್ಲ.

ಮುಂದಿನ ಪರೀಕ್ಷೆ ಕಣ್ಣಿನದು. ಶಾಕಿನ ಮೈಮೇಲೆ ಎಣ್ಣೆಯ ತೆಳು ಪಸೆ ಇದ್ದು ಅದರ ಮೇಲೆ ಧೂಳು ಕೂತಿದ್ದರೆ ಅದು ದೋಷವಲ್ಲ. ರಾಡ್ ಮೇಲಿನ ಸೀಲ್ ಒಣಗದಿರಲು ಅಷ್ಟು ಪಸೆ ಬೇಕೇ ಬೇಕು. ಆದರೆ ಎಣ್ಣೆ ಕೆಳಗಿನ ಕಣ್ಣಿಯವರೆಗೆ (ಶಾಕನ್ನು ಪಿನ್ನಿಗೆ ಸಿಕ್ಕಿಸುವ ಬಳೆಯವರೆಗೆ) ಇಳಿದು, ಕೆಮ್ಮಣ್ಣಿನೊಂದಿಗೆ ಸೇರಿ ಕಪ್ಪು ಮೇಣದಂತೆ ಗಟ್ಟಿಯಾಗಿದ್ದು, ಉಗುರಿನಿಂದ ಕೆರೆದರೆ ಒಳಗೆ ಹಸಿಯಾಗಿ ಕಂಡರೆ ಸೀಲ್ ಹೋಗಿದೆ ಎಂದೇ ಅರ್ಥ. ಅದನ್ನು ರಿಪೇರಿ ಮಾಡಿಸುವ ಯೋಚನೆ ಬೇಡ. ರಾಡ್ ಬಾಗಿದ್ದರೆ, ಅದರ ಹೊಳಪಿನ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ, ಕವಚಕ್ಕೆ ಕಲ್ಲು ಬಡಿದು ತಗ್ಗಾಗಿದ್ದರೆ ಅದೂ ಬದಲಿಸಬೇಕಾದದ್ದೇ. ಟೈರಿನ ಮೇಲೆ ಅಂಗೈ ಆಡಿಸಿದಾಗ ಅಲ್ಲಲ್ಲಿ ತಗ್ಗು ದಿಣ್ಣೆಗಳು ಸಿಕ್ಕಿದರೆ, ಚಕ್ರ ರಸ್ತೆಯ ಮೇಲೆ ಕುಪ್ಪಳಿಸುತ್ತಾ ಓಡಿದೆ ಎಂಬುದಕ್ಕೆ ಅದು ಸಾಕ್ಷಿ.

ಕಟ ಕಟ ಎಂಬ ಸದ್ದು ಮಾತ್ರ ಬರುತ್ತಿದ್ದು ಓಲಾಟವಿಲ್ಲದಿದ್ದರೆ ಮೊದಲು ಬುಷ್ ನೋಡಬೇಕು. ಶಾಕಿನ ಕಣ್ಣಿಯಲ್ಲಿರುವ ರಬ್ಬರ್ ಸವೆದು ಪಿನ್ನಿಗೂ ಕಣ್ಣಿಗೂ ನಡುವೆ ಸಂದು ಬಿದ್ದಾಗ ಈ ಸದ್ದು ಬರುತ್ತದೆ, ಬುಷ್ ಬದಲಿಸಿದರೆ ನಿಲ್ಲುತ್ತದೆ. ಸ್ಪ್ರಿಂಗಿನ ತುದಿಯನ್ನು ಚಾಸಿಸ್ಸಿಗೆ ಜೋಡಿಸುವ ಷ್ಯಾಕಲ್ಲಿನ ಬುಷ್ ಸವೆದಾಗಲೂ ಇದೇ ಬಗೆಯ ಸದ್ದು ಬರುವುದರಿಂದ ಒಬ್ಬರು ಗಾಡಿಯನ್ನು ಅಲುಗಾಡಿಸುತ್ತಿರುವಾಗ ಇನ್ನೊಬ್ಬರು ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ನೋಡುವುದು ಒಳ್ಳೆಯದು. ಸಂದು ಇರುವ ಜಾಗ ಬೆರಳಿಗೆ ಗೊತ್ತಾಗುತ್ತದೆ.

ಸ್ಟಿಯರಿಂಗ್ ನಡುಕದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ನಿರ್ದಿಷ್ಟ ವೇಗದಲ್ಲಿ ಒಂದು ಉಬ್ಬು ಸಿಕ್ಕಿದೊಡನೆ ಮುಂದಿನ ಚಕ್ರಗಳು ಎಡಬಲಕ್ಕೆ ಜೋರಾಗಿ ಹೊಯ್ದಾಡತೊಡಗಿದರೆ ಕಾರಣ ಹೆಚ್ಚಾಗಿ ಕಿಂಗ್ ಪಿನ್ ಬೇರಿಂಗ್, ಟೈ ರಾಡ್ ಎಂಡ್, ವೀಲ್ ಬೇರಿಂಗ್ ಅಥವಾ ಚಕ್ರದ ಬ್ಯಾಲೆನ್ಸ್‌ನಲ್ಲಿರುತ್ತದೆ. ಹೊಸ ಶಾಕ್ ಆ ನಡುಕವನ್ನು ಸ್ವಲ್ಪ ದಿನ ಮರೆಮಾಚಬಹುದು, ವಾಸಿ ಮಾಡುವುದಿಲ್ಲ. ಆ ಭಾಗಗಳನ್ನು ಮೊದಲು ಸರಿಪಡಿಸಿಕೊಂಡು ಆಮೇಲೆ ಶಾಕಿನ ಕಡೆಗೆ ಬರುವುದು ಸರಿಯಾದ ಕ್ರಮ.

ಯಾವುದನ್ನು ಕೊಳ್ಳಬೇಕು

ಒಂದೇ ಶಾಕ್ ಕೆಟ್ಟಿದ್ದರೂ ಆ ಆಕ್ಸಲಿನ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಇದ್ದರೆ ತಿರುವಿನಲ್ಲಿ ಹಳ್ಳ ಸಿಕ್ಕಾಗ ಎರಡೂ ಬದಿ ಬೇರೆ ಬೇರೆಯಾಗಿ ವರ್ತಿಸುತ್ತವೆ. 2375 ಮಿಲಿಮೀಟರಿನಷ್ಟು ಚಿಕ್ಕ ವೀಲ್‌ಬೇಸ್ ಇರುವ ಹಗುರ ಗಾಡಿಯಲ್ಲಿ ಇದು ಸಣ್ಣ ವಿಷಯವಲ್ಲ.

ಬಗೆಗಳು ಮುಖ್ಯವಾಗಿ ಮೂರು. ಎಣ್ಣೆ ಮಾತ್ರ ಇರುವ ಟ್ವಿನ್ ಟ್ಯೂಬ್ ಶಾಕ್ ಅಗ್ಗ, ಮೃದು, ಹೊರಕವಚಕ್ಕೆ ಪೆಟ್ಟು ಬಿದ್ದರೂ ಒಳಗಿನ ಕೊಳವೆ ಉಳಿದುಕೊಳ್ಳುವುದರಿಂದ ಕಲ್ಲು ದಾರಿಗೆ ಒಗ್ಗುವಂಥದ್ದು. ಆದರೆ ಹಲಗೆ ರಸ್ತೆಯಲ್ಲಿ ಬಹಳ ಹೊತ್ತು ವೇಗವಾಗಿ ಓಡಿದರೆ ಎಣ್ಣೆಯೊಳಗೆ ಗಾಳಿ ಬೆರೆತು ನೊರೆಯೇಳುತ್ತದೆ, ನೊರೆ ರಂಧ್ರದಲ್ಲಿ ಸಲೀಸಾಗಿ ನುಗ್ಗುವುದರಿಂದ ತಡೆ ಕುಗ್ಗುತ್ತದೆ. ಕಡಿಮೆ ಒತ್ತಡದ ನೈಟ್ರೋಜನ್ ತುಂಬಿದ ಟ್ವಿನ್ ಟ್ಯೂಬ್ ಶಾಕ್ ಈ ನೊರೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ಮೂರನೆಯದು ಮೊನೊ ಟ್ಯೂಬ್; ಅದರಲ್ಲಿ ಎಣ್ಣೆ ಮತ್ತು ಹೆಚ್ಚಿನ ಒತ್ತಡದ ಅನಿಲವನ್ನು ತೇಲುವ ಪಿಸ್ಟನ್ನೊಂದು ಬೇರ್ಪಡಿಸುತ್ತದೆ, ಶಾಖ ಬೇಗ ಹೊರಹೋಗುತ್ತದೆ, ಆದರೆ ಕವಚವೇ ಸಿಲಿಂಡರ್ ಆಗಿರುವುದರಿಂದ ಕಲ್ಲಿನ ಒಂದು ಪೆಟ್ಟಿಗೆ ಪಿಸ್ಟನ್ ಸಿಕ್ಕಿಹಾಕಿಕೊಳ್ಳುವ ಸಂಭವವಿರುತ್ತದೆ. ತೋಟದ ದಾರಿ, ಮಾಂದಲಪಟ್ಟಿಯಂಥ ಏರು, ನಡುವೆ ಡಾಂಬರು ರಸ್ತೆ, ಇಂಥ ಮಿಶ್ರ ಓಡಾಟಕ್ಕೆ ಕಡಿಮೆ ಒತ್ತಡದ ಗ್ಯಾಸ್ ಇರುವ ಟ್ವಿನ್ ಟ್ಯೂಬ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಜಿಪ್ಸಿ ಒಂದು ಟನ್ನಿನ ಆಸುಪಾಸಿನ ಗಾಡಿ. ಇದಕ್ಕಿಂತ ಬಹಳ ಭಾರವಾದ ಗಾಡಿಗಾಗಿ ಮಾಡಿದ ಗಡಸು ಶಾಕನ್ನು ಇದಕ್ಕೆ ಹೊಂದಿಸಿದರೆ ಗಾಡಿ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತದೆಯೇ ಹೊರತು ನೆಲಕ್ಕೆ ಅಂಟಿಕೊಳ್ಳುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕೊಳ್ಳುವಾಗ ಹಳೆಯ ಶಾಕನ್ನೇ ಕೈಯಲ್ಲಿ ಹಿಡಿದು ಹೋಗುವುದು ಉತ್ತಮ. ಪೂರ್ತಿ ಮುಚ್ಚಿದಾಗಿನ (ಒತ್ತಿದಾಗಿನ) ಉದ್ದ, ಪೂರ್ತಿ ಬಿಚ್ಚಿದಾಗಿನ (ಎಳೆದಾಗಿನ) ಉದ್ದ, ಕಣ್ಣಿಯ ಅಗಲ, ಬುಷ್ಷಿನ ಒಳವ್ಯಾಸ ಈ ನಾಲ್ಕನ್ನೂ ಅಂಗಡಿಯಲ್ಲೇ ಹೋಲಿಸಬೇಕು. ಮೂಲ ಜೋಡಣೆಯಲ್ಲಿ ಮುಂದಿನ ಶಾಕಿನ ಮೇಲ್ತುದಿ ಮರೆ (ಥ್ರೆಡ್) ಇರುವ ಕಡ್ಡಿಯಾಗಿಯೂ ಕೆಳತುದಿ ಕಣ್ಣಿಯಾಗಿಯೂ ಇರುತ್ತದೆ. ಹಿಂದಿನದಕ್ಕೆ ಎರಡೂ ತುದಿಯಲ್ಲಿ ಕಣ್ಣಿ. ಹಲವು ಕೈ ದಾಟಿ ಬಂದ ಗಾಡಿಗಳಲ್ಲಿ ಯಾರೋ ಬ್ರಾಕೆಟ್ ವೆಲ್ಡ್ ಮಾಡಿ ಬೇರೆ ಗಾಡಿಯ ಶಾಕ್ ಕೂರಿಸಿರುವುದೂ ಉಂಟು, ಆದ್ದರಿಂದ ನಿಮ್ಮ ಗಾಡಿಯ ಕೆಳಗೆ ನಿಜವಾಗಿ ಏನಿದೆ ಎಂದು ಮಲಗಿ ನೋಡದೆ ಆರ್ಡರ್ ಮಾಡಬೇಡಿ. ಡಬ್ಬಿಯಲ್ಲಿ ಹೊಸ ಬುಷ್, ವಾಷರ್, ನಟ್ಟುಗಳು ಇವೆಯೇ ಎಂದು ಬಿಚ್ಚಿ ಎಣಿಸಿಕೊಳ್ಳಿ. ಹಳೆಯ ನಟ್ಟನ್ನೇ ಮತ್ತೆ ಬಳಸುವ ಪ್ರಮೇಯ ಬರಬಾರದು.

ಎತ್ತರಿಸಿದ ಗಾಡಿಗೆ ಅಳತೆ

ಮೂಲ ಎತ್ತರದಲ್ಲೇ ಇರುವ ಗಾಡಿಗೆ ಕಂಪನಿ ಅಳತೆಯ ಶಾಕ್ ಸಾಕು, ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಆದರೆ ಉದ್ದನೆಯ ಷ್ಯಾಕಲ್ ಹಾಕಿಸಿದ್ದರೆ, ಬ್ಲೇಡ್ ಸೇರಿಸಿದ್ದರೆ, ಅಥವಾ ಆಕ್ಸಲಿನ ಕೆಳಗಿರುವ ಸ್ಪ್ರಿಂಗನ್ನು ಆಕ್ಸಲಿನ ಮೇಲಕ್ಕೆ ಏರಿಸಿದ್ದರೆ ಅಳತೆ ತೆಗೆಯದೆ ಕೊಂಡ ಶಾಕ್ ಕೆಲವೇ ತಿಂಗಳಲ್ಲಿ ಒಡೆಯುವುದು ನಿಶ್ಚಿತ. ಶಾಕುಗಳು ಅಕಾಲದಲ್ಲಿ ಸಾಯಲು ಗುಣಮಟ್ಟಕ್ಕಿಂತ ಹೆಚ್ಚಾಗಿ ಉದ್ದದ ತಪ್ಪೇ ಕಾರಣ ಎಂಬುದು ಹಳೆಯ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ಶಾಕ್ ತೀರ ಉದ್ದವಾಗಿದ್ದರೆ ಚಕ್ರ ಮೇಲೇಳುವಾಗ ಬಂಪ್ ಸ್ಟಾಪ್ (ಆಕ್ಸಲ್ ಚಾಸಿಸ್ಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡು) ತಾಗುವ ಮೊದಲೇ ಶಾಕ್ ಒಳಗೊಳಗೆ ಮುಚ್ಚಿಕೊಂಡು ಇಡೀ ಗಾಡಿಯ ಪೆಟ್ಟನ್ನು ತನ್ನ ಪಿಸ್ಟನ್ನಿನ ಮೇಲೆ ತೆಗೆದುಕೊಳ್ಳುತ್ತದೆ. ತೀರ ಗಿಡ್ಡವಾಗಿದ್ದರೆ ಚಕ್ರ ಹಳ್ಳಕ್ಕೆ ಇಳಿದಾಗ ಆಕ್ಸಲಿನ ತೂಕವೆಲ್ಲ ಶಾಕಿಗೇ ಜೋತುಬಿದ್ದು ಕಣ್ಣಿಯೋ ಬ್ರಾಕೆಟ್ಟೋ ಕಿತ್ತುಬರುತ್ತದೆ.

ಗಾಡಿ ಸಮನೆಲದಲ್ಲಿ ತನ್ನ ಚಕ್ರಗಳ ಮೇಲೆ ನಿಂತಿರುವಾಗ ಶಾಕಿನ ಮೇಲಿನ ಕೀಲಿನಿಂದ ಕೆಳಗಿನ ಕೀಲಿನ ನಡುವಿನ ದೂರವನ್ನು ಅಳೆಯಿರಿ. ಅದು 400 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಇದು ಲೆಕ್ಕ ತೋರಿಸಲು ಕೊಟ್ಟ ಅಂಕಿಯೇ ಹೊರತು ಜಿಪ್ಸಿಯ ಅಳತೆಯಲ್ಲ. ಬಳಿಕ ಬಂಪ್ ಸ್ಟಾಪ್ ರಬ್ಬರಿಗೂ ಅದು ಬಡಿಯುವ ಜಾಗಕ್ಕೂ ಇರುವ ಅಂತರವನ್ನು ಅಳೆಯಿರಿ, ಅದು 80 ಎಂದಿರಲಿ. ಅಂದರೆ ರಬ್ಬರ್ ತಾಗುವ ಹೊತ್ತಿಗೆ ಶಾಕಿನ ಉದ್ದ ಸುಮಾರು 320 ಆಗುತ್ತದೆ. ಜೋರು ಪೆಟ್ಟಿಗೆ ರಬ್ಬರ್ ಕೂಡ ಅದುಮಿಕೊಳ್ಳುವುದರಿಂದ ಇನ್ನೂ 25ರಿಂದ 30 ಮಿಲಿಮೀಟರ್ ಕಳೆಯಬೇಕು. ಹಾಗಾಗಿ ಪೂರ್ತಿ ಮುಚ್ಚಿದಾಗ 290 ಅಥವಾ ಅದಕ್ಕಿಂತ ಕಡಿಮೆ ಉದ್ದವಿರುವ ಶಾಕ್ ಮಾತ್ರ ಇಲ್ಲಿ ಸುರಕ್ಷಿತ. ಶಾಕ್ ಓರೆಯಾಗಿ ನಿಂತಿದ್ದರೆ ಅದು ಆಕ್ಸಲಿಗಿಂತ ಕಡಿಮೆ ಚಲಿಸುತ್ತದೆ, ಆದ್ದರಿಂದ ಈ ಕಳೆಯುವ ಲೆಕ್ಕ ಸುರಕ್ಷಿತ ಬದಿಯಲ್ಲೇ ಇರುತ್ತದೆ.

ಬಿಚ್ಚಿದಾಗಿನ ಉದ್ದಕ್ಕೆ ಆ ಆಕ್ಸಲಿನ ಎರಡೂ ಹಳೆಯ ಶಾಕುಗಳನ್ನು ಕಳಚಿ, ಚಾಸಿಸ್ಸನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಜಾಕನ್ನು ನಿಧಾನವಾಗಿ ಇಳಿಸುತ್ತಾ ಆಕ್ಸಲ್ ತಾನಾಗಿ ಜೋತುಬೀಳುವವರೆಗೆ ಬಿಟ್ಟು ಅಳೆಯಬೇಕು. ಹೀಗೆ ಇಳಿಸುವಾಗ ಕಣ್ಣು ಬ್ರೇಕ್ ಹೋಸ್ ಮೇಲಿರಲಿ. ಹೋಸ್ ಬಿಗಿಯಾಗುವ ಮುನ್ನವೇ ನಿಲ್ಲಿಸಬೇಕು, ಮತ್ತು ಹೋಸ್ ಅಷ್ಟು ಬೇಗ ಬಿಗಿಯಾಗುತ್ತದೆಯಾದರೆ ಶಾಕಿಗಿಂತ ಮೊದಲು ಉದ್ದನೆಯ ಹೋಸ್ ಹಾಕಿಸುವುದು ತುರ್ತಿನ ಕೆಲಸ. ಇಂಥ ಎತ್ತರಿಸುವಿಕೆಯ ಬಗ್ಗೆ ಕಾನೂನಿನ ಮಾತನ್ನೂ ಮರೆಯಬಾರದು: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಸವೆದ ಶಾಕಿನ ಜಾಗಕ್ಕೆ ಅದೇ ಅಳತೆಯ ಹೊಸದನ್ನು ಹಾಕುವುದು ದುರಸ್ತಿ; ಗಾಡಿಯ ಎತ್ತರ ಬದಲಿಸುವುದು ಬೇರೆ ವಿಷಯ.

ಬಿಚ್ಚುವ ಮೊದಲು

ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ನೆನೆದ ನಟ್ಟು ಬಿಚ್ಚುವುದೇ ಈ ಕೆಲಸದ ದೊಡ್ಡ ಪಾಲು, ಜೋಡಣೆ ಅದರ ಮುಂದೆ ಏನೂ ಅಲ್ಲ. ಹಿಂದಿನ ದಿನವೇ ವೈರ್ ಬ್ರಷ್ಷಿನಿಂದ ಮರೆಗಳ ಮೇಲಿನ ಮಣ್ಣು ತುಕ್ಕು ಉಜ್ಜಿ ತೆಗೆದು, ಡಬ್ಲ್ಯೂಡಿ-40 ಅಥವಾ ಅಂಥದೇ ತುಕ್ಕು ಬಿಡಿಸುವ ಎಣ್ಣೆಯನ್ನು ಸಿಂಪಡಿಸಿ, ರಾತ್ರಿ ಮತ್ತೊಮ್ಮೆ ಸಿಂಪಡಿಸಿ ಬಿಡಬೇಕು. 12, 14, 17, 19ರ ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್, ಉದ್ದನೆಯ ಹಿಡಿ, ಸುತ್ತಿಗೆ, ಉಳಿ, ಬಾಟಲ್ ಜಾಕ್, ಕನಿಷ್ಠ ಎರಡು ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಮರದ ತುಂಡು, ಕಣ್ಣಿಗೆ ಕನ್ನಡಕ ಇಷ್ಟು ಸಿದ್ಧವಿರಲಿ. ಕೆಳಗೆ ಮಲಗಿ ಮೇಲೆ ನೋಡುವ ಕೆಲಸವಾದ್ದರಿಂದ ತುಕ್ಕಿನ ಹುಡಿ ನೇರ ಕಣ್ಣಿಗೇ ಬೀಳುತ್ತದೆ, ಕನ್ನಡಕವನ್ನು ಬಿಡಬೇಡಿ.

ಜಾಕ್ ಕೊಡುವ ಮುನ್ನ ಒಂದು ಅಪಾಯವನ್ನು ಅರ್ಥಮಾಡಿಕೊಳ್ಳಬೇಕು. ಹಳೆಯ ಜೀಪುಗಳ ಪೈಕಿ ಹಲವದರಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರದಲ್ಲಿರದೆ ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಬಲವನ್ನು ಹಿಂದಿನ ಮುಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆಯ) ಹಿಂಬದಿಯಲ್ಲಿದ್ದು, ಹಿಂದಿನ ಆಕ್ಸಲಿಗೆ ಬಲ ಸಾಗಿಸುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ನಾಲ್ಕೂ ಚಕ್ರ ನೆಲದ ಮೇಲಿರುವವರೆಗೆ ಅದು ಗಾಡಿಯನ್ನು ಗಟ್ಟಿಯಾಗಿ ನಿಲ್ಲಿಸುತ್ತದೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟೊಡನೆ ಡಿಫರೆನ್ಷಿಯಲ್ (ಆಕ್ಸಲಿನ ಎರಡು ಚಕ್ರಗಳು ಬೇರೆ ಬೇರೆಯಾಗಿ ತಿರುಗಲು ಬಿಡುವ ಗೇರ್ ಜೋಡಣೆ) ತನ್ನ ಕೆಲಸ ಮಾಡುತ್ತದೆ: ಶಾಫ್ಟ್ ನಿಂತಿದ್ದರೂ ಎತ್ತಿದ ಚಕ್ರ ಒಂದು ಕಡೆಗೆ, ನೆಲದ ಮೇಲಿನ ಚಕ್ರ ಇನ್ನೊಂದು ಕಡೆಗೆ ತಿರುಗಿ ಗಾಡಿ ಉರುಳಬಲ್ಲದು. ಗೇರಿನಲ್ಲಿ ಬಿಟ್ಟರೂ ಇದೇ ಕಥೆ. ಆದ್ದರಿಂದ ಗಾಡಿಯನ್ನು ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ, ಎತ್ತದ ಆಕ್ಸಲಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡುವುದು ಕಡ್ಡಾಯ. ಇಟ್ಟಿಗೆ ಬೇಡ, ಅದು ಒತ್ತಡಕ್ಕೆ ಏಕಾಏಕಿ ಪುಡಿಯಾಗುತ್ತದೆ. ಆಕ್ಸಲಿನ ಕೆಳಗೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡನ್ನು ಚಾಸಿಸ್ ಪಟ್ಟಿಯ ಕೆಳಗೆ ನಿಲ್ಲಿಸಿ, ಗಾಡಿಯನ್ನು ಕೈಯಿಂದ ಅಲುಗಾಡಿಸಿ ನೋಡಿದ ಮೇಲೆಯೇ ಒಳಗೆ ಹೋಗಬೇಕು. ಬಿಚ್ಚಿದ ಚಕ್ರವನ್ನು ಚಾಸಿಸ್ಸಿನ ಕೆಳಗೆ ಅಡ್ಡಲಾಗಿ ಮಲಗಿಸಿಟ್ಟರೆ ಅದೂ ಒಂದು ರಕ್ಷಣೆ. ಜಾಕ್ ಒಂದನ್ನೇ ನಂಬಿ ಯಾರೂ ಗಾಡಿಯ ಕೆಳಗೆ ತಲೆಯಿಡಬಾರದು.

ಜಾಕನ್ನು ಆಕ್ಸಲಿನ ಕೆಳಗೆ ಹಾಗೆಯೇ ಉಳಿಸಿಕೊಳ್ಳಿ. ಅದನ್ನು ಸ್ವಲ್ಪ ಏರಿಸಿ ಇಳಿಸಿ ಆಕ್ಸಲನ್ನು ಬೇಕಾದ ಮಟ್ಟಕ್ಕೆ ತಂದರೆ ಶಾಕಿನ ಮೇಲೆ ಎಳೆತವೂ ಒತ್ತಡವೂ ಇಲ್ಲದ ಸ್ಥಿತಿ ಸಿಗುತ್ತದೆ, ಬೋಲ್ಟು ಹೊರಬರುವುದು ಆ ಸ್ಥಿತಿಯಲ್ಲಿ.

ಹಳೆಯದನ್ನು ತೆಗೆಯುವುದು

ಹಿಂದಿನಿಂದ ಆರಂಭಿಸಿ, ಅಲ್ಲಿ ಜಾಗ ಹೆಚ್ಚು. ಉದ್ದ ಅಳೆಯುವ ಅಗತ್ಯವಿಲ್ಲದಿದ್ದರೆ ಒಂದು ಬದಿ ಮುಗಿಸಿಯೇ ಇನ್ನೊಂದು ಬದಿಗೆ ಹೋಗಿ. ವಾಷರುಗಳ ಕ್ರಮದಲ್ಲಿ ಅನುಮಾನ ಬಂದರೆ ಬಿಚ್ಚದ ಬದಿಯನ್ನು ನೋಡಿ ತಿಳಿಯಬಹುದು, ಆಕ್ಸಲ್ ಕೂಡ ಹತೋಟಿಯಲ್ಲಿರುತ್ತದೆ. ಮೊದಲು ಕೆಳಗಿನ ನಟ್ಟು, ಆಮೇಲೆ ಮೇಲಿನದು. ಗಟ್ಟಿಯಾಗಿ ಹಿಡಿದ ನಟ್ಟಿಗೆ ಒಮ್ಮೆಲೇ ಬಲ ಹಾಕಿದರೆ ಮರೆ ಸಮೇತ ಪಿನ್ನೇ ಮುರಿಯಬಹುದು. ಅದರ ಬದಲು ಬಿಗಿಯುವ ಕಡೆಗೆ ಒಂದು ಕೂದಲಿನಷ್ಟು ತಿರುಗಿಸಿ, ಮತ್ತೆ ಬಿಚ್ಚುವ ಕಡೆಗೆ ತಂದು, ಎಣ್ಣೆ ಬಿಡುತ್ತಾ ಹಿಂದೆ ಮುಂದೆ ಆಡಿಸುತ್ತಾ ಹೋದರೆ ತುಕ್ಕು ಪುಡಿಯಾಗಿ ಹೊರಬರುತ್ತದೆ. ಅದಕ್ಕೂ ಜಗ್ಗದಿದ್ದರೆ ನಟ್ಟಿನ ಒಂದು ಮುಖವನ್ನು ಉಳಿಯಿಂದ ಸೀಳಿ ತೆಗೆಯುವುದು ಮೇಲು. ನಟ್ಟು ಹೇಗೂ ಹೊಸದು ಬರುತ್ತದೆ, ಚಾಸಿಸ್ಸಿನ ಪಿನ್ ಉಳಿಯಬೇಕು. ಗ್ಯಾಸ್ ಬೆಂಕಿಯನ್ನು ಶಾಕಿನ ಹತ್ತಿರ ತರಲೇಬಾರದು. ಒಳಗಿನ ಎಣ್ಣೆ ಮತ್ತು ಒತ್ತಡದ ಅನಿಲ ಕಾದರೆ ಸೀಲ್ ಸಿಡಿದು ಸುಡುವ ಎಣ್ಣೆ ಮುಖಕ್ಕೆ ಎರಚುತ್ತದೆ, ಪಕ್ಕದಲ್ಲೇ ಬ್ರೇಕ್ ಹೋಸ್ ಕೂಡ ಇರುತ್ತದೆ.

ನಟ್ಟು ಬಂದರೂ ಕಣ್ಣಿ ಪಿನ್ನಿನಿಂದ ಜಾರದೆ ನಿಲ್ಲುವುದು ಸಾಮಾನ್ಯ. ಬುಷ್ಷಿನ ಒಳಗಿನ ಉಕ್ಕಿನ ಕೊಳವೆ ತುಕ್ಕಿನಿಂದ ಪಿನ್ನಿಗೆ ಕಚ್ಚಿಕೊಂಡಿರುತ್ತದೆ. ಕಣ್ಣಿಯನ್ನು ಒಳಬದಿಯಿಂದ ಹೊರಕ್ಕೆ ಸುತ್ತಿಗೆಯಿಂದ ತಟ್ಟುತ್ತಾ ಶಾಕನ್ನು ಆಚೀಚೆ ತಿರುಚಿದರೆ ರಬ್ಬರ್ ಹರಿದು ಶಾಕ್ ಹೊರಬರುತ್ತದೆ, ಕೊಳವೆ ಮಾತ್ರ ಪಿನ್ನಿನ ಮೇಲೆ ಉಳಿಯುತ್ತದೆ. ಅದನ್ನು ಹ್ಯಾಕ್‌ಸಾ ಬ್ಲೇಡಿನಿಂದ ಉದ್ದುದ್ದಕ್ಕೆ ಗೀರಿ, ಗೀರಿನಲ್ಲಿ ಉಳಿ ಇಟ್ಟು ತಟ್ಟಿದರೆ ಬಾಯಿ ಬಿಡುತ್ತದೆ. ಗೀರುವಾಗ ಪಿನ್ನಿನ ಮೈಗೆ ಬ್ಲೇಡ್ ತಾಗದಂತೆ ಕೊನೆಯ ಪದರವನ್ನು ಉಳಿಗೇ ಬಿಡಿ.

ಮುಂದಿನ ಶಾಕಿನ ಮೇಲ್ತುದಿಯಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿ ಒಂದರ ಮೇಲೊಂದು ಎರಡು ನಟ್ಟುಗಳಿದ್ದು, ಬಿಚ್ಚಲು ಹೋದರೆ ಕಡ್ಡಿಯೇ ನಟ್ಟಿನೊಂದಿಗೆ ತಿರುಗುತ್ತದೆ. ಕಡ್ಡಿಯ ತುದಿಯಲ್ಲಿ ಚಪ್ಪಟೆ ಮಾಡಿದ ಜಾಗವಿದ್ದರೆ ಅದನ್ನು ಚಿಕ್ಕ ಪಾನಾದಿಂದ ಹಿಡಿದು ಬಿಚ್ಚಬೇಕು. ಹಳೆಯದನ್ನು ಎಸೆಯುವುದೇ ಆದ್ದರಿಂದ ಅದರ ರಾಡನ್ನು ವೈಸ್ ಗ್ರಿಪ್‌ನಿಂದ ಹಿಡಿದರೂ ನಡೆಯುತ್ತದೆ. ಹೊಸದರ ಹೊಳಪಿನ ರಾಡಿಗೆ ಮಾತ್ರ ಯಾವ ಇಕ್ಕಳವೂ ತಾಗಬಾರದು, ಒಂದು ಸಣ್ಣ ಗೀರು ಸೀಲನ್ನು ದಿನದಿನಕ್ಕೂ ಕೊರೆದು ಎಣ್ಣೆಗೆ ದಾರಿ ಮಾಡುತ್ತದೆ.

ಶಾಕ್ ಹೊರಬಂದ ಮೇಲೆ ಬರಿದಾದ ಜಾಗವನ್ನು ಬೆಳಕು ಬಿಟ್ಟು ನೋಡಿ. ಬ್ರಾಕೆಟ್ಟಿನ ವೆಲ್ಡ್ ಅಂಚಿನಲ್ಲಿ ಕೂದಲೆಳೆಯ ಬಿರುಕು, ಬಾಗಿದ ಪಿನ್, ಮುರಿದ ಬ್ಲೇಡ್, ಸ್ಪ್ರಿಂಗನ್ನು ಆಕ್ಸಲಿಗೆ ಹಿಡಿದಿಡುವ ಯು-ಬೋಲ್ಟಿನ ಸಡಿಲ ಇವೆಲ್ಲ ಈಗಲೇ ಕಣ್ಣಿಗೆ ಬೀಳುವುದು. ಬಂಪ್ ಸ್ಟಾಪ್ ರಬ್ಬರ್ ಹರಿದುಹೋಗಿದ್ದರೆ ಅದನ್ನು ಬದಲಿಸದೆ ಹೊಸ ಶಾಕ್ ಹಾಕುವುದರಲ್ಲಿ ಅರ್ಥವಿಲ್ಲ.

ಹೊಸದನ್ನು ಸಿದ್ಧಪಡಿಸಿ ಜೋಡಿಸುವುದು

ಅಂಗಡಿಯ ಕಪಾಟಿನಲ್ಲಿ ಮಲಗಿದ್ದ ಟ್ವಿನ್ ಟ್ಯೂಬ್ ಶಾಕಿನಲ್ಲಿ ಹೊರಕೊಳವೆಯ ಗಾಳಿ ಒಳಕೊಳವೆಗೆ ಸೇರಿಕೊಂಡಿರಬಹುದು. ಹಾಗೆಯೇ ಜೋಡಿಸಿದರೆ ಮೊದಮೊದಲು ಶಾಕ್ ಪೊಳ್ಳಾಗಿ ವರ್ತಿಸಿ, ಹೊಸದೇ ಕೆಟ್ಟಿದೆಯೆಂಬ ಅನುಮಾನ ಹುಟ್ಟುತ್ತದೆ. ಇದನ್ನು ತಪ್ಪಿಸಲು ಶಾಕನ್ನು ಗಾಡಿಯಲ್ಲಿ ನಿಲ್ಲುವ ಭಂಗಿಯಲ್ಲೇ ನೇರ ಹಿಡಿದು ಪೂರ್ತಿ ಎಳೆಯಿರಿ; ತಲೆಕೆಳಗು ಮಾಡಿ ಪೂರ್ತಿ ಒತ್ತಿ; ಮತ್ತೆ ನೇರ ಮಾಡಿ ಎಳೆಯಿರಿ. ನಾಲ್ಕೈದು ಸಲ ಹೀಗೆ ಮಾಡಿದರೆ ಗಾಳಿ ಮೇಲೇರಿ, ದಿಕ್ಕು ಬದಲಾಗುವಾಗ ಕೈಗೆ ಸಿಗುತ್ತಿದ್ದ ಸಡಿಲ ಮಾಯವಾಗಿ, ಉದ್ದಕ್ಕೂ ಒಂದೇ ಸಮನಾದ ತಡೆ ತಿಳಿಯುತ್ತದೆ. ಎಳೆಯುವಾಗಿನ ತಡೆ ಒತ್ತುವಾಗಿನದಕ್ಕಿಂತ ಹೆಚ್ಚಿರುವುದು ಸಹಜ, ಅದನ್ನು ಹಾಗೆಯೇ ವಿನ್ಯಾಸ ಮಾಡಿರುತ್ತಾರೆ. ಆ ಬಳಿಕ ಜೋಡಿಸುವವರೆಗೆ ಶಾಕನ್ನು ಮಲಗಿಸಬೇಡಿ. ಮೊನೊ ಟ್ಯೂಬಿಗೆ ಇದರ ಅಗತ್ಯವಿಲ್ಲ.

ಗ್ಯಾಸ್ ಶಾಕಿಗೆ ಕಟ್ಟಿದ ಪಟ್ಟಿಯನ್ನು ಕತ್ತರಿಸಿದೊಡನೆ ಅದು ತಾನಾಗಿ ಉದ್ದವಾಗುತ್ತದೆ. ಹಾಗಾಗಿ ಗಾಳಿ ಬಿಡಿಸಿದ ಬಳಿಕ ಮೇಲ್ತುದಿಯನ್ನು ಮೊದಲು ಕೂರಿಸಿ, ಕೆಳತುದಿ ಪಿನ್ನಿನ ಎದುರಿಗೆ ಬರುವಂತೆ ಕೈಯಿಂದ ಒತ್ತುತ್ತಾ ಜಾಕಿನಿಂದ ಆಕ್ಸಲನ್ನು ಹೊಂದಿಸಿ. ಪಿನ್ನಿನ ಮೈಗೆ ತುಕ್ಕು ಹಿಡಿಯದಂತೆ ತೆಳುವಾಗಿ ಗ್ರೀಸ್ ಸವರುವುದು ಮುಂದಿನ ಸಲ ಬಿಚ್ಚುವವರಿಗೆ ಮಾಡುವ ಉಪಕಾರ. ಆದರೆ ಉಕ್ಕಿನ ಕೊಳವೆಯಿಲ್ಲದ ಬರಿಯ ರಬ್ಬರ್ ಬುಷ್ ಇದ್ದರೆ ಗ್ರೀಸ್ ಬೇಡ, ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಅಂಥಲ್ಲಿ ಸೋಪಿನ ನೀರು ಸಾಕು.

ಮುಂದಿನ ಮೇಲ್ತುದಿಯ ಕ್ರಮ ಹೀಗಿರಬೇಕು: ಕೆಳಗೆ ಬಟ್ಟಲು ವಾಷರ್, ಅದರ ಮೇಲೆ ರಬ್ಬರ್, ನಡುವೆ ಚಾಸಿಸ್ಸಿನ ಬ್ರಾಕೆಟ್, ಮೇಲೆ ಇನ್ನೊಂದು ರಬ್ಬರ್, ಮತ್ತೆ ಬಟ್ಟಲು ವಾಷರ್, ನಟ್ಟು, ಕೊನೆಗೆ ಲಾಕ್ ನಟ್ಟು. ಎರಡೂ ಬಟ್ಟಲುಗಳ ಬಾಯಿ ರಬ್ಬರಿನ ಕಡೆಗಿರಬೇಕು. ರಬ್ಬರಿನ ಮೇಲಿನ ದಿಂಡು ಬ್ರಾಕೆಟ್ಟಿನ ತೂತಿನೊಳಗೆ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿದ ಮೇಲೆ ಬಿಗಿಯಿರಿ. ರಬ್ಬರ್ ವಾಷರಿನ ಅಂಚಿನಷ್ಟು ಅಗಲಕ್ಕೆ ಉಬ್ಬಿದರೆ ಸಾಕು. ಇನ್ನೂ ಬಿಗಿದರೆ ಅದು ಚಪ್ಪಟೆಯಾಗಿ ಬಿರುಕು ಬಿಡುತ್ತದೆ, ಶಾಕ್ ಆಚೀಚೆ ಓಲಲು ಜಾಗವಿಲ್ಲದೆ ಕಡ್ಡಿಯ ಬುಡದಲ್ಲಿ ಮುರಿಯುತ್ತದೆ. ಕೈಪಿಡಿಯಲ್ಲಿ ನಿಮ್ಮ ಮಾದರಿಗೆ ಕೊಟ್ಟ ಟಾರ್ಕ್ (ಬಿಗಿಯುವ ಬಲದ) ಅಂಕಿಯೇ ಕೊನೆಯ ಮಾತು. ಲಾಕ್ ನಟ್ಟು ಬಿಗಿಯುವಾಗ ಕೆಳಗಿನ ನಟ್ಟನ್ನು ಇನ್ನೊಂದು ಪಾನಾದಿಂದ ಹಿಡಿದುಕೊಳ್ಳಬೇಕು.

ಕಣ್ಣಿ ಇರುವ ಕೀಲುಗಳನ್ನು ಈ ಹಂತದಲ್ಲಿ ಪೂರ್ತಿ ಬಿಗಿಯಬಾರದು ಎಂಬುದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಈ ಬುಷ್ಷುಗಳಲ್ಲಿ ರಬ್ಬರ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಆಕ್ಸಲ್ ಜೋತುಬಿದ್ದಿರುವಾಗ ಬಿಗಿದರೆ ರಬ್ಬರಿನ ಸಹಜ ಸ್ಥಿತಿ ಅಲ್ಲಿಗೇ ನಿಲ್ಲುತ್ತದೆ. ಗಾಡಿಯನ್ನು ಇಳಿಸಿದೊಡನೆ ಅದು ತಿರುಚಿಕೊಂಡ ಸ್ಥಿತಿಗೆ ಬಂದು ಹಗಲೂ ರಾತ್ರಿ ಹಾಗೆಯೇ ಇರುತ್ತದೆ, ಹಳ್ಳ ಸಿಕ್ಕಾಗ ಇನ್ನಷ್ಟು ತಿರುಚಿ ಬೇಗನೆ ಹರಿಯುತ್ತದೆ. ಹೊಸ ಶಾಕ್ ಹಾಕಿದ ಕೆಲವೇ ತಿಂಗಳಲ್ಲಿ ಮತ್ತೆ ಕಟ ಕಟ ಸದ್ದು ಕೇಳಿಸುವುದಕ್ಕೆ ಇದೇ ಕಾರಣವಾಗಿರುತ್ತದೆ. ಆದ್ದರಿಂದ ನಟ್ಟನ್ನು ಕೈಬಿಗಿತಕ್ಕಿಂತ ಸ್ವಲ್ಪ ಹೆಚ್ಚು ಬಿಗಿದು, ಚಕ್ರ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಹಿಂದೆ ಮುಂದೆ ಒಂದಿಷ್ಟು ತಳ್ಳಿ ಸ್ಪ್ರಿಂಗುಗಳು ತಮ್ಮ ಮಟ್ಟಕ್ಕೆ ಕೂತ ಮೇಲೆ, ಮತ್ತೆ ಚಕ್ರಗಳಿಗೆ ಮರದ ತುಂಡು ಕೊಟ್ಟು ಕೆಳಗೆ ನುಸುಳಿ ಅಂತಿಮ ಬಿಗಿತ ಕೊಡಬೇಕು. ಜಿಪ್ಸಿಯ ಕೆಳಗೆ ಅದಕ್ಕೆ ಬೇಕಾದಷ್ಟು ಎತ್ತರವಿದೆ.

ಓಡಿಸುವ ಮುನ್ನ, ಓಡಿಸಿದ ಮೇಲೆ

ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ಟೈರ್, ಬ್ರೇಕ್ ಹೋಸ್, ಸೈಲೆನ್ಸರ್ ಪೈಪ್ ಯಾವುದೂ ಶಾಕಿಗೆ ತಾಗುತ್ತಿಲ್ಲವೆಂದು ನೋಡಿ. ದಪ್ಪ ಕವಚದ ಶಾಕ್ ಹಾಕಿದ್ದರೆ ಈ ಸಂದು ಹಳೆಯದಕ್ಕಿಂತ ಕಡಿಮೆಯಿರುತ್ತದೆ. ಬಳಿಕ ಒಂದು ಮುಂದಿನ ಚಕ್ರವನ್ನು ನಿಧಾನವಾಗಿ ಮಣ್ಣಿನ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿ. ಈ ಸ್ಥಿತಿಯಲ್ಲಿ ಒಂದು ಮೂಲೆಯ ಶಾಕ್ ಮುಚ್ಚಿ ಅದರ ಕರ್ಣದ ಎದುರಿನದೂ ಮುಚ್ಚುತ್ತದೆ, ಉಳಿದೆರಡು ತೆರೆದುಕೊಳ್ಳುತ್ತವೆ. ಮುಚ್ಚಿದ ಬದಿಯಲ್ಲಿ ಶಾಕ್ ತಳ ಮುಟ್ಟುವ ಮೊದಲು ಬಂಪ್ ಸ್ಟಾಪ್ ತಾಗುತ್ತಿದೆಯೇ ಎಂದು ಪರೀಕ್ಷಿಸಿ. ಹೊರಕವಚ ಇಲ್ಲದ ಶಾಕ್ ಆದರೆ ರಾಡಿನ ಬುಡಕ್ಕೆ ತೆಳು ದಾರವೊಂದನ್ನು ಸಡಿಲವಾಗಿ ಕಟ್ಟಿಟ್ಟರೆ, ದಾರಿಯಲ್ಲಿ ಓಡಿಸಿ ಬಂದಾಗ ಅದು ಸರಿದು ನಿಂತ ಜಾಗವೇ ಶಾಕ್ ಎಷ್ಟು ಮುಚ್ಚಿತ್ತೆಂಬುದನ್ನು ತೋರಿಸುತ್ತದೆ.

ಮೊದಲ ಓಡಾಟ ಖಾಲಿ ಗಾಡಿಯಲ್ಲಿ, ಪರಿಚಯದ ರಸ್ತೆಯಲ್ಲಿ, ಕಡಿಮೆ ವೇಗದಲ್ಲಿರಲಿ. ಹಂಪ್ ದಾಟಿದ ಮೇಲೆ ಗಾಡಿ ಒಮ್ಮೆ ಏರಿ ಇಳಿದು ನಿಲ್ಲಬೇಕು. ಗಡಸುತನ ಮೊದಲಿಗಿಂತ ಹೆಚ್ಚೆನಿಸಿದರೆ ಗಾಬರಿ ಬೇಡ. ಸತ್ತ ಶಾಕಿಗೆ ಒಗ್ಗಿಹೋದ ಮೈಗೆ ಹಾಗನ್ನಿಸುವುದು ಸಹಜ. ಟೈರಿನ ಗಾಳಿಯನ್ನು ಕಂಪನಿ ಹೇಳಿದ ಮಟ್ಟಕ್ಕೆ ತಂದು ಮತ್ತೊಮ್ಮೆ ಓಡಿಸಿ ನೋಡಿ. ಸುಮಾರು 500 ಕಿಲೋಮೀಟರ್ ಆದ ಮೇಲೆ ಎಲ್ಲ ನಟ್ಟುಗಳ ಬಿಗಿತವನ್ನು ಇನ್ನೊಮ್ಮೆ ಪರೀಕ್ಷಿಸಬೇಕು, ಏಕೆಂದರೆ ಹೊಸ ರಬ್ಬರ್ ಕೂತಂತೆ ನಟ್ಟು ಸಡಿಲವಾಗುತ್ತದೆ. ಮಳೆಗಾಲ ಮುಗಿದೊಡನೆ ಶಾಕಿನ ಕೆಳಗಿನ ಕಣ್ಣಿಯ ಸುತ್ತ ಸೇರಿದ ಕೆಸರನ್ನು ನೀರು ಹೊಡೆದು ತೊಳೆಯಿರಿ, ಆದರೆ ಪ್ರೆಶರ್ ವಾಷಿನ ಧಾರೆಯನ್ನು ರಾಡಿನ ಸೀಲಿಗೆ ನೇರ ಹಿಡಿಯಬೇಡಿ.

ತೆಗೆದ ಹಳೆಯ ಶಾಕುಗಳನ್ನು ತೋಟದ ಮೂಲೆಯಲ್ಲಿ ಎಸೆಯುವುದು, ಬೆಂಕಿಗೆ ಹಾಕುವುದು, ಗ್ರೈಂಡರಿನಿಂದ ಕೊಯ್ಯುವುದು ಮೂರೂ ತಪ್ಪು. ಒಳಗೆ ಉಳಿದ ಎಣ್ಣೆ ಮಳೆಯಲ್ಲಿ ಹಳ್ಳಕ್ಕೆ ಸೇರುತ್ತದೆ, ಗ್ಯಾಸ್ ಇರುವಂಥದ್ದು ಕೊಯ್ಯುವಾಗ ಅಥವಾ ಕಾದಾಗ ಸಿಡಿಯುತ್ತದೆ. ಹೀಗಾಗಿ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಳಸಿದ ಎಂಜಿನ್ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿಗೋ ಗಾಡಿಗಳ ಗುಜರಿಯವರಿಗೋ, ಅದರಲ್ಲಿ ಗ್ಯಾಸ್ ಇದೆಯೆಂದು ಬಾಯಿಬಿಟ್ಟು ಹೇಳಿ ಕೊಡಬೇಕು.